ಪಾರ್ಟಿಶನ್ ಅಂದದ್ದು

ಬನಹಟ್ಟಿ, ಸೋಮವಾರ

ಮಾವಾರಿಗೆ ನಮಸ್ಕಾರ.

ಫೋನ್ ಎತ್ತವಲ್ರಿ, ಅದಕ್ಕ ಬರದೇನಿ. "ಪಾರ್ಟಿಶನ್ ಮಾಡೇ ಬಿಡೂಣು" ಅಂತ ನಿಮ್ಮ ಮಗನ ಮುಂದ ನಾ ಅಂದದ್ದು ಕಂಪ್ಯೂಟರ್ ಡಿಸ್ಕ್ ಪಾಲು ಮಾಡೂದಕ್ರಿ. ನೀವು ಮನಿ ಪಾಲಂತ ತಿಳಕೊಂಡು ಮುಧೋಳಕ್ಕ ಮಗಳ ಮನಿಗೆ ಹೋಗಿ ಕುಂತ್ರಿ. ಮನಿ ಪಾಲು ಬೇಕಾಗಿದ್ರ ನಿಮ್ಮ ಮುಂದನ ಕೇಳತಿದ್ದೆ.

ನಿಮ್ಮ ಸೀರಿ ಡಿಸೈನ್ ಹಳೇ ವಿಂಡೋಸ್‌ನ್ಯಾಗಷ್ಟ ತೆರೀತಾವ. ನನ್ನ ಕೆಲಸಕ್ಕ ಲಿನಕ್ಸ್ ಅನ್ನೂ ಬ್ಯಾರೆ ಸಿಸ್ಟಮ್ ಬೇಕು. ಅದಕ್ಕ ಒಂದ ಕಂಪ್ಯೂಟರಿನ್ಯಾಗ ಎರಡಕ್ಕೂ ಜಾಗಾ ಮಾಡೇನಿ. ನಿಮ್ಮ ಒಂದು ದಡಿನೂ ಅಳಿಸಿಲ್ಲ. ನಾಳೆ ಬರ್ರಿ, ಹೊಸ ಸೀರಿ ಸೆರಗು ಅರ್ಧಾಕ್ಕ ನಿಂತೈತಿ.

ಚಾಲೂ ಮಾಡಿದ ಕೂಡ್ಲೆ ಎರಡರಾಗ ಯಾವುದು ಬೇಕಂತ ಕೇಳ್ತೈತಿ. ಯಾರೂ ಏನೂ ಹೇಳದಿದ್ರ ತಾನ ನಿಮ್ಮದು ತೆರೀತೈತಿ. ಹಂಗ ಮಾಡಿಟ್ಟಾಕಿ ನಾನ.

ನಿಮ್ಮ ಸೊಸಿ,
ವೈಶಾಲಿ