ಹೊಳೆಗೆ ಹಚ್ಚಿದ ಪೌಡರು

ಫೆಬ್ರವರಿ 4, ಬುಧವಾರ

ಇವತ್ತೂ ಅದೇ. ಮರದ ಬೊಡ್ಡೆಯ ಹಿಂದೆ ಹಸಿರು ಬಟ್ಟೆ ಹೊದ್ದು ಕ್ಯಾಮೆರಾ ಹಿಡಿದು ಕೂತದ್ದು, ಇರುವೆಯಿಂದ ಕಚ್ಚಿಸಿಕೊಂಡದ್ದು. ನೀರುನಾಯಿ ತಾಯಿ ಬಂತು. ಬಾಯಲ್ಲಿ ಮೀನು. ಬಂಡೆ ಏರಿ ನಿಂತಿತು — ಆಹಾ, ಏನು ಪ್ರವೇಶ! "ಭಲೇ!" ಅಂದುಬಿಟ್ಟೆ. ಮೈಕಿಲ್ಲದೆ ನಾಟಕ ಆಡಿದ ಗಂಟಲು ಇದು. ಪಿಸುಗುಟ್ಟಿದರೂ ಆಚೆ ದಡ ಮುಟ್ಟುತ್ತದೆ. ಬುಳುಂಕ್. ಹೋಯಿತು.

ಅದರ ಬಿಲ ಇರುವುದು ಹೊಳೆಮತ್ತಿ ಮರದ ಬೇರಿನಡಿ. ದಡದ ಮೇಲೆ ವೀರಪ್ಪ ಸಾಲಾಗಿ ಗೂಟ ಹೊಡೆಸಿದ್ದಾನೆ, ಸರಿಯಾಗಿ ಬಿಲದ ನೆತ್ತಿಯ ಮೇಲಿನದರ ತುದಿಗೆ ಕೆಂಪು ಬಟ್ಟೆ ಕಟ್ಟಿ. ಅವನ ಹೋಂಸ್ಟೇಗೆ ಬೋಟಿಂಗ್ ಆಗಬೇಕಂತೆ. ಶಿವರಾತ್ರಿಯ ಮರುದಿನ ಜೆಸಿಬಿ ಬಂದು ದಡ ಕಡಿಯುತ್ತದೆ. ಒಳಗೆ ಮರಿಗಳಿವೆ ಮಾರಾಯ, ಎಂದೆ. ಕೆಟ್ಟವನಲ್ಲ ವೀರಪ್ಪ. ಬನವಾಸಿ ಕಡೆಯವನು, ಮಾತು ಒರಟು.

"ಮರಿ ಇದ್ದದ್ದು ಫೋಟೋದಾಗ ತೋರಸ್ರಿ ಮಾಸ್ತರ್ರ, ಜಾಗಾ ಬದಲಸ್ತೀನಿ. ನಾ ಎರಡು ಸಲ ಹೋಗಿ ನಿಂತೆ. ಏನೂ ಕಾಣಲಿಲ್ಲ."

ಬುಲೆಟ್ ಗಾಡಿಯಲ್ಲಿ ಗುಡುಗುಡು ಹೋಗಿ ನಿಂತರೆ ಯಾವ ಪ್ರಾಣಿ ದರ್ಶನ ಕೊಟ್ಟೀತು?

ಒಂದು ಸಂಸಾರ ಪೂರ್ತಿ ನನ್ನ ಒಂದು ಫೋಟೋದ ಮೇಲೆ ನಿಂತಿದೆ.

ಫೆಬ್ರವರಿ 5

ಕೊರಿಯರ್ ಬಂತು! ಪೋಲರೈಸರ್ ಫಿಲ್ಟರ್. ಲೆನ್ಸಿನ ಮೂತಿಗೆ ತಿರುಪಿ ಕೂರಿಸುವ ಕಪ್ಪು ಗಾಜು. ಅದರ ಬಳೆ ತಿರುಗಿಸುತ್ತ ಹೋದೆ... ನೀರಿನ ಮೇಲಿನ ಝಳಪು ಮೆಲ್ಲಗೆ ಕರಗಿತು. ಪರದೆ ಎದ್ದ ಹಾಗೆ! ತಳದ ಕಲ್ಲು, ಕಲ್ಲಿನ ಪಾಚಿ, ಪಾಚಿ ಕೀಳುವ ಮೀನು, ಎಲ್ಲ ರಂಗದ ಮೇಲೆ. ಕೆಂಪು ಬಟ್ಟೆಯ ಬಿಂಬ ನೀರಲ್ಲಿ ಕುಣಿದು ಚಿತ್ರ ಕೆಡಿಸುತ್ತಿತ್ತಲ್ಲ, ಅದೂ ಮಾಯ.

ಬಣ್ಣದ ಕೋಣೆಯಲ್ಲಿ ನಾನು ಕಲಿತ ಮೊದಲ ಪಾಠವೇ ಇದು. ಬೆವರಿದ ಮುಖ ಲೈಟಿಗೆ ಹೊಳೆಯಬಾರದು. ಪೌಡರ್ ಒತ್ತು, ಆಮೇಲೆ ಒಳಗೆ ಕಳಿಸು. ಎಲೈ ಹೊಳೆಯೇ, ಇಂದಿನಿಂದ ನಿನಗೂ ಮೇಕಪ್!

ಫೆಬ್ರವರಿ 8, ಭಾನುವಾರ

ಸಿಕ್ಕಿತು. ಸಿಕ್ಕಿತು!! ತಾಯಿ ಬಂಡೆಯ ಮೇಲೆ ರಾಣಿಯ ಹಾಗೆ. ಸುತ್ತ ಪಚ್ಚೆ ನೀರು. ಹಿಂದೆ ಮರಿಗಳು, ಮೂರು. ಫಿಲ್ಟರ್ ಬೆಳಕನ್ನೂ ನುಂಗುತ್ತದೆ, ಅದಕ್ಕೇ ಶಟರ್ ನಿಧಾನ ಮಾಡಿಕೊಂಡಿದ್ದೆ. ಅಲುಗಾಡದ ತಾಯಿ ಸ್ಪಷ್ಟ. ಪುಟುಪುಟು ಓಡಿದ ಮರಿಗಳು ಸ್ವಲ್ಪ ಕಲಸಿಹೋಗಿವೆ. ಇರಲಿ. ನೀರು ನೋಡು, ನೀರು!

ನನ್ನಾಕೆ ಜಯಾಗೆ ತೋರಿಸಿದೆ. ಕೈ ಒರೆಸಿಕೊಂಡು ಬಂದು ನೋಡಿದಳು.

"ಇದೆಂತ? ನೀರಲ್ಲಿ ಮಿಂದು ಬಂದ ಪ್ರಾಣಿ, ಮೈಮೇಲೆ ಚೂರೂ ಹೊಳಪೇ ಇಲ್ಲೆ. ಶೋಕೇಸಲ್ಲಿ ಇಟ್ಟಾಂಗೆ ಕಾಣ್ತು."

"ನಿಂಗೆಂತ ಗೊತ್ತಿದ್ದು ಮೇಕಪ್ ವಿಷ್ಯ?"

"ನಾಟಕ ಮುಗ್ಸಿ ಬಂದ ನಿಂಗ್ಳ ಮುಖ ತೊಳೆಸಿದ್ದು ಯಾರು? ಆನೇ ಅಲ್ದಾ?"

ಕಲೆಗೆ ಮನೆಯಲ್ಲೇ ಶತ್ರು.

ಫೆಬ್ರವರಿ 9

ಫೋಟೋ ನೋಡಿ ವೀರಪ್ಪ ನಕ್ಕ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಕುಣಿಸಿ.

"ಇದು ನಮ್ಮ ಹೊಳೀ ಏನ್ರಿ? ಹತ್ತು ವರ್ಷಾತು ಇದರ ದಂಡಿಮ್ಯಾಲ ಅದೇನಿ. ಸಂಜಿ ಮುಂದ ಕಣ್ಣ ಬಿಡಾಕ ಆಗಂಗಿಲ್ಲ, ಹಂಗ ಫಳಫಳ ಅಂತೈತಿ. ಇದ್ಯಾವುದೋ ಕ್ಯಾಲೆಂಡರಿಂದು!"

"ವೀರಪ್ಪಾ! ನಾನು ಸುಳ್ಳು ಹೇಳ್ತೇನಾ?"

"ಕೂಗಬ್ಯಾಡ್ರಿ, ಗಿರಾಕಿ ಮಲಗ್ಯಾರ. ಮತ್ತ ಮರಿ ಎಲ್ಲೈತಿ? ಇದಾ? ಇದು ರಾಡಿ ಐತಿ."

ಸಂಭಾಷಣೆ ಮರೆತ ನಟನ ಹಾಗೆ ನಿಂತು, ಬಂದೆ.

ಫೆಬ್ರವರಿ 13

ಮೂರು ದಿನ ಹೊಳೆಯ ಕಡೆ ಹೋಗಲಿಲ್ಲ. ಯಾರಿಗೆ ಬೇಕು? ಜೆಸಿಬಿ ಬರಲಿ. ಕಡಿಯಲಿ.

ಜಯಾ ಚಹಾ ಕುಕ್ಕಿದಳು. "ರಾಜ್ಯ ಕಳ್ಕಂಡವ್ರಾಂಗೆ ಕೂತ್ರೆ ಜೆಸಿಬಿ ನಿಲ್ತಿಲ್ಲೆ. ನಾಳೆ ಹೋಗಿ. ಆ ಕಪ್ಪು ಗಾಜು ಇಲ್ಲೇ ಬಿಟ್ಟಿಕ್ಕಿ ಹೋಗಿ."

ಅವಳೆದುರು ಡಬ್ಬಿಯನ್ನು ಕಪಾಟಿನಲ್ಲಿಟ್ಟೆ. ಗಾಜು ಮಾತ್ರ ಕಿಸೆಯಲ್ಲಿ.

ಫೆಬ್ರವರಿ 14, ಸಂಜೆ

ಫಿಲ್ಟರ್ ಹಾಕಿಯೇ ಕೂತೆ. ಹಟ. ಬಿಸಿಲು ಇಳಿಯಿತು. ಬಿಲದ ಬಾಯಲ್ಲಿ ಮೀಸೆ. ತಾಯಿ ಜಾರಿತು, ನೀರೊಳಗೆ ಮುಳುಗಿತು, ಆಮೇಲೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕ್ಯಾಮೆರಾದಿಂದ ಕಣ್ಣು ತೆಗೆದೆ. ಬರಿಗಣ್ಣಿಗೆ ಕಾಣುತ್ತಿದೆ! ಹೊಳೆಯುವ ನೀರಿನ ಮೇಲೆ ಉದ್ದಕ್ಕೂ ಗೆರೆ, ಅದು ಹೋದ ದಾರಿ. ಗಾಜಿನೊಳಗೆ ನೋಡಿದರೆ ಗೆರೆಯೇ ಇಲ್ಲ. ಝಳಪಿನ ಜೊತೆಗೆ ನಾನು ಅದನ್ನೂ ಒರೆಸಿದ್ದೆ.

ಬಳೆ ಚೂರು ತಿರುಗಿಸಿದೆ. ಸ್ವಲ್ಪ ಹೊಳಪು ಮರಳಿತು. ಸಾಲದು. ಕಿತ್ತು ಕಿಸೆಗೆ ಹಾಕಿದೆ. ಬೆಳಕು ಧುಮುಕಿತು. ಶಟರ್ ವೇಗ ಏರಿಸಿದೆ.

ಆಗ ಬಂದವು ಮರಿಗಳು. ಕೆಂಪು ಬಟ್ಟೆಯ ಬಿಂಬ ನೀರಲ್ಲಿ ಉದ್ದಕ್ಕೆ ಬಿದ್ದಿತ್ತು. ಹಾಳಾದ್ದು, ಇನ್ನೊಂದು ಮಾರು ಆಚೆ ಹೋಗಬಾರದೇ ಎಂದುಕೊಂಡೆ. ಅವು ಹೋಗಲಿಲ್ಲ. ನೇರ ಅದರೊಳಗೇ ಈಜಿ ಬಂದವು. ಒದ್ದೆ ತಲೆಗಳು ಫಳಫಳ, ಸುತ್ತ ಕೆಂಪು ಚೂರುಚೂರು.

ನೀರಿನಡಿಯ ಒಂದು ಕಲ್ಲೂ ಕಾಣುವುದಿಲ್ಲ ಈ ಫೋಟೋದಲ್ಲಿ. ಅರ್ಧ ಹೊಳೆ ಬರೀ ಬಿಳಿ. ಸ್ಪರ್ಧೆಗೆ ಕಳಿಸಿದರೆ ಬಾಗಿಲಲ್ಲೇ ವಾಪಸ್.

ಒಮ್ಮೆಯೂ "ಭಲೇ" ಅನ್ನಲಿಲ್ಲ. ಕೈ ಕಚ್ಚಿಕೊಂಡಿದ್ದೆ.

ಫೆಬ್ರವರಿ 15, ಶಿವರಾತ್ರಿ

ವೀರಪ್ಪನಿಗೆ ಉಪವಾಸ. ಮುಖ ಗಂಟು. ಫೋನಿನಲ್ಲಿ ಫೋಟೋ ಕೊಟ್ಟೆ. ಎರಡು ಬೆರಳಲ್ಲಿ ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ.

"ಇದು ನನ್ನ ಗೂಟದ ಅರಿಬಿ."

"ಹೌದು."

"ನಾ ಕಟ್ಟಿದ್ದು. ನನ್ನ ಹೆಂಡತಿ ಹಳೇ ಸೀರಿ."

"ಹೌದು ವೀರಪ್ಪ."

ಫೋನು ವಾಪಸ್ ಕೊಡುವುದನ್ನೂ ಮರೆತು ಕೂತಿದ್ದ. ಕೇಳಿ ತೆಗೆದುಕೊಂಡೆ. "ಡ್ರೈವರಗ ಹೇಳಿಬಿಟ್ಟೇನ್ರಿ..." ಎಂದಷ್ಟೇ ಗೊಣಗಿದ.

ಜೆಸಿಬಿ ಬರುವುದೋ ಬಿಡುವುದೋ ಗೊತ್ತಾಗದೆ ಮನೆಗೆ ಬಂದೆ.

ಫೆಬ್ರವರಿ 16, ಸೋಮವಾರ

ಬೆಳಿಗ್ಗೆ ಜೆಸಿಬಿ ಸದ್ದು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಮಾತು ಸಿದ್ಧ ಮಾಡಿಕೊಂಡಿದ್ದೆ. ಯಂತ್ರದ ಮುಂದೆ ಅಡ್ಡ ನಿಲ್ಲುವುದು, ತೋಳೆತ್ತುವುದು, ಇಡೀ ಹೊಳೆ ಕೇಳುವಂತೆ ಗರ್ಜಿಸುವುದು.

ಯಂತ್ರ ತಿರುವಿನಲ್ಲೇ ನಿಂತಿತ್ತು. ಡ್ರೈವರ್ ಬೀಡಿ ಸೇದುತ್ತಿದ್ದ. "ಇಲ್ಲಿ ಬೇಡ, ಕೆಳಗಿನ ಕಲ್ಲುಹಾಸಿನ ಹತ್ರ ಕಡಿ ಅಂದ್ರು. ಸಾವ್ಕಾರ್ರು ಅಲ್ಲಿದಾರೆ ನೋಡಿ."

ವೀರಪ್ಪ ಹೊಳೆಮತ್ತಿಯ ಕೆಳಗೆ, ಒಬ್ಬನೇ. ಬುಲೆಟ್ ಎಲ್ಲೂ ಕಾಣಲಿಲ್ಲ, ನಡೆದು ಬಂದಿದ್ದಾನೆ. ಬದಿಯ ಗೂಟಗಳನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡಿದ್ದ. ಉಳಿದದ್ದು ಬಿಲದ ಮೇಲಿನದು. ಅಲುಗಿಸಿದರೆ ಮಣ್ಣು ಒಳಗೆ ಬಿದ್ದೀತೆಂದು ಮಂಡಿಯೂರಿ, ಬುಡವನ್ನು ಉಗುರಿನಲ್ಲಿ ಕೆದರುತ್ತಿದ್ದ. ನಾನೂ ಎದುರಿಗೆ ಕೂತೆ. ಇಬ್ಬರೂ ಕೆದರಿದೆವು.

ಆಗ ಕೈಯಡಿಯಿಂದ, ಮಣ್ಣಿನೊಳಗಿಂದ, ಸಣ್ಣ ಸಿಳ್ಳೆ. ಒಂದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ವೀರಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಎರಡೂ ಕೈಯಲ್ಲಿ ಗೂಟ ಹಿಡಿದ. ಸಿದ್ಧ ಮಾಡಿಕೊಂಡು ಹೋದ ಅಷ್ಟೂ ಮಾತು ಬಿಟ್ಟು, ಮಣ್ಣು ಒಳಗೆ ಬೀಳದ ಹಾಗೆ ನಾನು ಬುಡಕ್ಕೆ ಅಂಗೈ ಒಡ್ಡಿದೆ.