ಸಂಹಿತಾಳ ಎಡಗಣ್ಣು

ಹಲಸೂರು, ಬೆಂಗಳೂರು
೪-೮-೧೯೯೮

ಚಿರಂಜೀವಿ ಶ್ರೀಹರಿಗೆ,

ಹೇಗಿದ್ದೀಯಪ್ಪಾ? ನಾಸಿಕ್‌ನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ ಎಂದು ಜಲಜಾ ಹೇಳಿದ್ದಳು. ನಿನ್ನ ಸೊಂಟದ ನೋವು ಕಡಿಮೆಯಾಯಿತೇ? ಫ್ಯಾಕ್ಟರಿಯ ಕುರ್ಚಿಗೆ ಒಂದು ದಿಂಬು ಹಾಕಿಕೋ ಎಂದಿದ್ದೆ, ಹಾಕಿಕೊಂಡಿರುವುದಿಲ್ಲ, ಗೊತ್ತು. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಕೆರೆಯ ಕಡೆ ನಡೆಯುತ್ತೇನೆ. ಪೂರ್ತಿ ಸುತ್ತಲ್ಲ, ಗುರುದ್ವಾರದವರೆಗೆ ಹೋಗಿ ವಾಪಸು. ಅಡುಗೆಗೆ ಅಮೃತಮ್ಮ ಬರುತ್ತಾಳೆ. ನಿನ್ನ ಅಮ್ಮ ಹೋದಮೇಲೆ ಸಾರಿಗೆ ಹುಳಿ ಕಡಿಮೆಯಾಗಿದೆ ಎಂಬುದನ್ನು ಬಿಟ್ಟರೆ ದೂರೇನಿಲ್ಲ.

ಈಗ ನಿನ್ನ ಮಗಳ ವಿಷಯ. ಸಂಹಿತಾ ಕಾಲೇಜಿಗೆ ಸರಿಯಾಗಿ ಹೋಗುತ್ತಿದ್ದಾಳೆ. ಆದರೆ ರೈಫಲ್ ಶೂಟಿಂಗ್ ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದಾಳೆ. ನಿನಗೆ ಹೇಳಿರುವುದಿಲ್ಲ. ಭಾನುವಾರ ನೀನು ಫೋನಿನಲ್ಲಿ ಸ್ಕೋರ್ ಕೇಳುತ್ತೀಯ, ಅವಳು ಹೇಳುತ್ತಾಳೆ, ನೀನು 'ಎಡಗಣ್ಣು ಮುಚ್ಕೋ, ಬಲಗಡೆಯಿಂದ್ಲೇ ಹೊಡಿ, ನಾನು ಹಂಗೇ ಹೊಡೆದಿದ್ದು' ಎನ್ನುತ್ತೀಯ. ಅವಳು ಮುಚ್ಚಿಕೊಂಡೇ ಹೊಡೆಯುತ್ತಾಳೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಅದುರುತ್ತದೆ, ಕೆನ್ನೆ ಎಳೆಯುತ್ತದೆ, ಗುಂಡು ಎಲ್ಲೆಲ್ಲಿಗೋ ಹೋಗುತ್ತದೆ. ಹೋದ ವಾರ ಮನೆಗೆ ಬಂದು, 'ಅಪ್ಪನ ಕಣ್ಣು ನಂಗೆ ಬಂದಿಲ್ಲ ಬಿಡು ತಾತ' ಎಂದಳು. ಶಿವಾಜಿನಗರದ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಅವಳ ಎರಡೂ ಕಣ್ಣು ಸಿಕ್ಸ್ ಬೈ ಸಿಕ್ಸ್. ಅಂಗಡಿಯವನು ನನಗೇ ಒಂದು ಹೊಸ ಫ್ರೇಮ್ ಮಾರಲು ನೋಡಿದ.

ಆಮೇಲೆ ಅವಳು ಅಭ್ಯಾಸ ಮಾಡುವ ಶೂಟಿಂಗ್ ರೇಂಜಿಗೇ ಹೋದೆ. ಅಲ್ಲಿ ಕಲಿಸುವ ನಿವೃತ್ತ ಸುಬೇದಾರ್ ಮುನಿಆಂಜನಪ್ಪ ಅವಳ ಎರಡೂ ಕೈ ನೀಡಿಸಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರಲ್ಲಿ ದೂರದ ನೀರಿನ ಟ್ಯಾಂಕ್ ನೋಡು ಎಂದರು. ಎಡಗಣ್ಣು ಮುಚ್ಚಿದರೆ ಟ್ಯಾಂಕ್ ಮಾಯ. ಬಲಗಣ್ಣು ಮುಚ್ಚಿದರೆ ಟ್ಯಾಂಕ್ ಅಲ್ಲೇ ಇದೆ. 'ನೋಡಿ ಸಾರ್, ಕೈ ಬಲಗೈ, ಕಣ್ಣು ಮಾತ್ರ ಎಡಗಣ್ಣೇ ಯಜಮಾನ. ಬಲಗಡೆ ಇಟ್ಕೊಂಡು ಹೊಡಿ ಅಂದ್ರೆ ಪಾಪ ಎರಡೂ ಕಣ್ಣು ಜಗಳ ಆಡ್ತವೆ' ಎಂದರು. ಇದಕ್ಕೆ ಇಂಗ್ಲಿಷಿನಲ್ಲಿ ಕ್ರಾಸ್ ಡಾಮಿನೆನ್ಸ್ ಎನ್ನುತ್ತಾರಂತೆ. ನಾನು 'ಪ್ಯಾರಲಾಕ್ಸ್?' ಎಂದೆ. ಇಂಟರ್‌ಮೀಡಿಯೆಟ್‌ನಲ್ಲಿ ಓದಿದ ಪದ. ನೆನಪಿದೆ, ಅರ್ಥ ಹೋಗಿದೆ. ಅವರು ಮರ್ಯಾದೆಗೆ ತಲೆಯಾಡಿಸಿದರು.

ರೇಂಜಿನಲ್ಲಿ ಹಾಕುವ ಸಾದಾ ಕನ್ನಡಕದ ಎಡಗಾಜಿಗೆ ಮಬ್ಬು ಟೇಪ್ ಅಂಟಿಸಿ ನೋಡಿದರು. ಎಷ್ಟೋ ಜನಕ್ಕೆ ಅಷ್ಟರಲ್ಲೇ ಸರಿಹೋಗುತ್ತದಂತೆ. ಇವಳಿಗೆ ಆಗಲಿಲ್ಲ. 'ಆ ಬಿಳೀ ಮಬ್ಬೇ ಬಂದು ಗುರಿ ಮೇಲೆ ಕೂತ್ಕೊಳತ್ತೆ' ಎನ್ನುತ್ತಾಳೆ. ಇನ್ನು ಉಳಿದದ್ದು ರೈಫಲನ್ನು ಎಡಭುಜಕ್ಕೆ ಇಡುವುದು. ಗುಂಡು ತುಂಬುವ ಬೋಲ್ಟ್ ಬಲಗಡೆಯೇ ಇರುವುದರಿಂದ ಕಷ್ಟ. ಕೆಲವು ತಿಂಗಳು ಸ್ಕೋರ್ ಬೀಳುತ್ತದೆ, ಈ ವರ್ಷ ತಂಡದಲ್ಲಿ ಜಾಗ ಕೈತಪ್ಪುತ್ತದೆ, ಆಮೇಲೆ ಏಳುತ್ತದೆ ಎಂಬುದು ಅವರ ಮಾತು. ಒಂದು ಸಲ ರೈಫಲ್ ಎಡಭುಜಕ್ಕೆ ಕೊಟ್ಟು ಹೊಟ್ಟೆಯ ಮೇಲೆ ಮಲಗಿಸಿದರು. ಸಾಲಿನಲ್ಲಿ ಉಳಿದವರೆಲ್ಲ ಒಂದು ಕಡೆ ವಾಲಿ ಮಲಗಿರುತ್ತಾರಲ್ಲ, ಇವಳು ಇನ್ನೊಂದು ಕಡೆ. ಪಕ್ಕದ ಹುಡುಗಿಯ ಮುಖಕ್ಕೆ ಇವಳ ಮುಖ. ಆ ಹುಡುಗಿ 'ಏನೇ, ಟಾರ್ಗೆಟ್ ನಾನಾ?' ಎಂದಳು. ಎಲ್ಲರೂ ನಕ್ಕರು. ಇವಳು ನಗಲಿಲ್ಲ, ಎದ್ದುಬಿಟ್ಟಳು. ದಾರಿಯಲ್ಲಿ ಕೇಳಿದರೆ, 'ಅಪ್ಪ ಬಲಗಡೆ ಅಂದಿದಾರೆ. ಅಪ್ಪ ಹೇಳ್ದೆ ನಾನು ಬದಲಾಯ್ಸಲ್ಲ. ಬಿಟ್ರೆ ಪೂರ್ತಿ ಬಿಟ್ಬಿಡ್ತೀನಿ' ಎಂದಳು. ಹಟ ಯಾರದು ಎಂದು ನಾನು ಬರೆಯಬೇಕಾಗಿಲ್ಲ.

ನಾನು ವಿಮೆ ಆಫೀಸಿನಲ್ಲಿದ್ದವನು. ಬಂದೂಕಿನ ವಿಷಯದಲ್ಲಿ ಲೇಮ್ಯಾನ್. ಮೆಡಲ್ ಗೆದ್ದವನು ನೀನು, ತಂದೆಯೂ ನೀನು. ಆದ್ದರಿಂದ ತೀರ್ಮಾನ ನಿನಗೆ ಬಿಟ್ಟಿದ್ದೇನೆ. ಅವಳು ಕಾಯುತ್ತಿರುವುದು ನಿನ್ನ ಒಂದು ಮಾತಿಗೆ, ಸ್ಕೋರಿಗಲ್ಲ.

ಜಲಜಾಳಿಗೆ ಥೈರಾಯ್ಡ್ ಮಾತ್ರೆ ತಪ್ಪಿಸಬೇಡ ಎಂದು ಹೇಳು. ಇಬ್ಬರೂ ಹೊತ್ತಿಗೆ ಸರಿಯಾಗಿ ಉಂಡು ಮಲಗಿ, ನೂರು ಕಾಲ ಸುಖವಾಗಿರಿ.

ನಿನ್ನ ತಂದೆ,
ಯಜ್ಞನಾರಾಯಣ

ಕಾಗದ ಒಯ್ಯಲು ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಒಂದು ಮಾತು ಮರೆತಿದ್ದೆ. ಟ್ರಂಕಿನಲ್ಲಿದ್ದ ನಿನ್ನ ಹಳೆಯ ಶೂಟಿಂಗ್ ಜಾಕೆಟ್ಟನ್ನು ನಿನ್ನೆ ಶಿವಾಜಿನಗರದಲ್ಲಿ ಹೊಲಿಗೆಯ ವಾಜಿದಾಳಿಗೆ ಕೊಟ್ಟು, ರೈಫಲ್ ಆನಿಸುವ ಬಲಭುಜದ ಚರ್ಮದ ಪಟ್ಟಿ ಬಿಚ್ಚಿಸಿ ಎಡಭುಜಕ್ಕೆ ಹಾಕಿಸಿದ್ದೇನೆ. ಅವಳು 'ಎರಡೂ ಕಡೆ ಹಾಕ್ಬಿಡ್ಲಾ ಅಂಕಲ್, ಮನೇಲಿ ಜಗಳಾನೇ ಇರಲ್ಲ' ಎಂದಳು. ಬೇಡ, ಎಡಕ್ಕೆ ಮಾತ್ರ ಎಂದೆ. ಬಲಗಡೆ ಸೂಜಿಯ ತೂತುಗಳು ಉಳಿದಿವೆ, ಅವು ಹೋಗುವುದಿಲ್ಲವಂತೆ. ಸಂಹಿತಾಗೆ ಇನ್ನೂ ತೋರಿಸಿಲ್ಲ. ಭಾನುವಾರ ನೀನು ಹೇಳಿದ ಮೇಲೆ ಕೊಡುತ್ತೇನೆ. ಹೇಳದಿದ್ದರೆ ಸೋಮವಾರ ಕೊಡುತ್ತೇನೆ.