ಪೂಜೆಗೆ ಕೂತ ಬೋರ್ಡು

ರಾಜಗೋಪಾಲನಗರ
ಶುಕ್ರವಾರ, ಊಟದ ಹೊತ್ತು

ನನ್ನ ಬಾಣಂತಿ ಪಾರ್ಟ್ನರ್ ಶಿವಾನಿಗೆ,

ಕಾಗದ ಡಯಾಪರ್ ಕಟ್ಟಿನ ತಳದಲ್ಲಿ ಸಿಕ್ಕಿತೆಂದು ನಗಬೇಡ. ಈ ಕಳ್ಳಸಾಗಣೆಗೆ ಒಪ್ಪಿಸಲು ನಿನ್ನ ಯಜಮಾನರು ಅಮರೇಶ್ ಅವರಿಗೆ ಎರಡು ಮಸಾಲೆ ದೋಸೆ ತಿನ್ನಿಸಿದ್ದೇನೆ. ಬೇರೆ ದಾರಿ ಏನಿತ್ತು ಹೇಳು? ಬಾಣಂತಿ ಕಣ್ಣಿಗೆ ಕೆಟ್ಟದ್ದೆಂದು ನಿಮ್ಮಮ್ಮ ಶರಣಮ್ಮನವರು ನಿನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಅವರ ಫೋನಿಗೆ ಮಾಡಿದರೆ, "ಆಕಿ ಮಲಗ್ಯಾಳವ್ವಾ" ಎಂದು ಇಟ್ಟುಬಿಡುತ್ತಾರೆ. ಹಗಲೆಲ್ಲ ಮಲಗುವ ಪೈಕಿ ನೀನಲ್ಲ ಎಂದು ನನಗೆ ಗೊತ್ತಿಲ್ಲವೇ? ಇಲ್ಲಿ ನನಗೆ ಸುದ್ದಿ ಹೇಳದೆ ಹೊಟ್ಟೆ ಉಬ್ಬಿಹೋಗಿದೆ.

ಕೇಳು. ನೀನು ಹೆರಿಗೆಗೆಂದು ರಾಣೆಬೆನ್ನೂರಿನ ರೈಲು ಹತ್ತಿದಾಗ ನಮ್ಮ ಫ್ಯಾಕ್ಟರಿಯಲ್ಲಿ ನಾವು ಹನ್ನೆರಡು ಜನ ಹೆಂಗಸರು, ಜೊತೆಗೆ ಒಬ್ಬನೇ ಗಂಡಸು ಮುನೀಂದ್ರ. ಈಗ ಅರವತ್ತು ದಾಟಿದ್ದೇವೆ ಕಣೇ! ಪಕ್ಕದ ಲೇತ್ ಅಂಗಡಿ ಖಾಲಿಯಾಯಿತು, ಮಾಲೀಕರು ಹೂಂ ಎಂದ ಸಂಜೆಯೇ ನಡುವಿನ ಗೋಡೆ ಒಡೆಸಿಬಿಟ್ಟೆ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಟಿಫನ್ ಡಬ್ಬಿ ಹಿಡಿದ ಹೆಂಗಸರು ನಿಂತಿರುತ್ತಾರೆ, "ಅಕ್ಕಾ, ಕೆಲ್ಸ ಐತಾ?" ನಮ್ಮಮ್ಮ ಅನುಸೂಯಮ್ಮ ಮದುವೆಯ ಪಾತ್ರೆಯಲ್ಲಿ ಟೀ ಕಾಯಿಸುತ್ತ, "ಇಂಗೇ ಬೆಳೀತಾ ಓದ್ರೆ ನಾನೆಲ್ಲಿ ಮಲಗ್ಲಿ?" ಎಂದು ಗೊಣಗುತ್ತಾಳೆ. ಗೊಣಗುವಾಗ ಮುಖ ಮಾತ್ರ ಅರಳಿರುತ್ತದೆ. ಮೊನ್ನೆ ಹೊಸ ಹುಡುಗಿಯೊಬ್ಬಳು ಬಾಗಿಲಲ್ಲಿ ನನ್ನನ್ನೇ ತಡೆದು, "ಇಂಟರ್‌ವ್ಯೂಗಾ ಅಕ್ಕಾ? ಅಲ್ಲಿ ಕೂತ್ಕೊಳ್ಳಿ, ಮೇಡಂ ಬರ್ತಾರೆ" ಎಂದಳು. ನಾನು ಮರ್ಯಾದೆಯಿಂದ ಹೋಗಿ ಕೂತೆ. ಟೀ ಕೂಡ ಕೊಟ್ಟಳು.

ಮೊದಲು ಯಾರ ಮಗುವಿಗೆ ಜ್ವರ, ಯಾರ ಅತ್ತೆ ಜಗಳಗಂಟಿ ಎಲ್ಲ ನನಗೆ ಗೊತ್ತಿತ್ತು. ಈಗ ಅರ್ಧ ಜನರ ಹೆಸರೇ ಬಾಯಿಗೆ ಬರುವುದಿಲ್ಲ. ಬೆಳೆಯುವುದೆಂದರೆ ಇದೇ ಇರಬೇಕು ಎಂದುಕೊಂಡು ಓಡುತ್ತಿದ್ದೆ. ಓಡುತ್ತ ಓಡುತ್ತ ಹೋಗಿ ಮುಗ್ಗರಿಸಿದೆ, ಅದನ್ನೂ ಹೇಳಬೇಕು.

ಸ್ಕೂಟರಿನ ದೀಪದಿಂದ ಬ್ಯಾಟರಿಯವರೆಗಿನ ವೈರುಗಳನ್ನೆಲ್ಲ ಸೇರಿಸಿ ಟೇಪು ಸುತ್ತುವ ನಮ್ಮ ಕಟ್ಟಿಗೆ 'ಜಡೆ' ಎಂದು ಹೆಸರಿಟ್ಟವಳು ನೀನು. ಆ ಜಡೆಗಳ ಒಂದು ಲೋಡು ಪೂರ್ತಿ ವಾಪಸ್ ಬಂತು. ಸ್ಕೂಟರ್ ಕಂಪನಿಯ ಪರ್ಚೇಸ್‌ನವರು, ಆ ಸಿದ್ದಾರ್ಥ್, ಸ್ವತಃ ಬಂದು ನನ್ನ ಕಣ್ಣೆದುರೇ ಜೋಡಿಸಿ ತೋರಿಸಿದರು. ಹೆಡ್‌ಲೈಟಿನ ಕಡೆ ಎರಡು ಬೆರಳಷ್ಟು ಗಿಡ್ಡ! ಎಷ್ಟು ಎಳೆದರೂ ಪ್ಲಗ್ ಮುಟ್ಟಲಿಲ್ಲ. ಅವರು ಹೋದ ಮೇಲೆ ನಾನು ಕೂಗಾಡಿದ ಕೂಗಾಟಕ್ಕೆ ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು.

ಕಾರಣ ಏನು ಗೊತ್ತೇ? ನಮ್ಮ ಭಕ್ತಿ. ಪ್ಲೈವುಡ್ ಮೇಲೆ ಗೆರೆ ಎಳೆದು, ಮೊಳೆ ಹೊಡೆದು, ಯಾವ ವೈರು ಎಲ್ಲಿ ತಿರುಗಬೇಕು ಎಲ್ಲಿ ನಿಲ್ಲಬೇಕು ಎಂದು ನೀನು ಮಾಡಿದೆಯಲ್ಲ, ಆ ಮೊದಲನೇ ಬೋರ್ಡು. ನಮಗೆ ಅನ್ನ ಕೊಟ್ಟದ್ದು ಅದೇ ಎಂದು ಆಯುಧಪೂಜೆಯ ದಿನ ಕುಂಕುಮ ಇಟ್ಟು, ಹೂವು ಮುಡಿಸಿ, ಆಫೀಸ್ ರೂಮಿನ ತೊಲೆಯ ಕೊಂಡಿಗೆ ಸರಪಳಿಯಲ್ಲಿ ತೂಗುಹಾಕಿದೆವು. ದಿನಾ ಅದಕ್ಕೆ ಊದಿನಕಡ್ಡಿ. ಜನ ಹೆಚ್ಚಿದಂತೆ ಬೋರ್ಡುಗಳೂ ಹೆಚ್ಚಬೇಕಲ್ಲ? ಅದನ್ನು ಇಳಿಸಿ ಅಳತೆ ತೆಗೆಯಲು ಯಾರಿಗೂ ಕೈ ಬರಲಿಲ್ಲ. "ದೇವ್ರುನ್ನ ಇಳ್ಸಿ ಟೇಪ್ ಹಿಡಿಯೋಕಾಯ್ತದಾ ಅಕ್ಕಾ?" ಎಂದ ಮುನೀಂದ್ರ. ಹಾಗಾಗಿ ನೀನೇ ಮಾಡಿಟ್ಟಿದ್ದ ಎರಡನೆಯದನ್ನು ನೋಡಿ ಮೂರನೆಯದು, ಮೂರನೆಯದನ್ನು ನೋಡಿ ನಾಲ್ಕನೆಯದು. ಒಂದೊಂದು ಸಲವೂ ಪೆನ್ಸಿಲ್ ಗೆರೆಯಷ್ಟು ಜಾರುತ್ತ ಹೋಗಿ ಕೊನೆಯ ಬೋರ್ಡಿಗೆ ಎರಡು ಬೆರಳು ಮಾಯವಾಗಿತ್ತು. ನೀನಿದ್ದಿದ್ದರೆ ಹೊಸ ಬೋರ್ಡನ್ನೆಲ್ಲ ಅಳೆದೇ ಮೇಜಿಗೆ ಬಿಡುತ್ತಿದ್ದೆ. ಹಾಗೆ ಅಳೆಯುತ್ತಿದ್ದೆ ಎಂಬುದೇ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಕಾರಣ ತಿಳಿದ ಮೇಲೂ ಅದನ್ನು ಮುಟ್ಟಲು ಎಲ್ಲರಿಗೂ ಹೆದರಿಕೆ, ನನಗೂ. ಕೊನೆಗೆ ನಮ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಕರ್ಪೂರ ಹಚ್ಚಿದಳು. ಕೈ ಮುಗಿದು, "ಇಳಿ ತಾಯಿ, ಕೆಲ್ಸ ಐತೆ" ಎಂದಳು. ಅಷ್ಟೇ. ಮುನೀಂದ್ರ ಸ್ಟೂಲ್ ಹತ್ತಿ ಸರಪಳಿ ಬಿಚ್ಚಿದ.

ಕುಂಕುಮ ಒರೆಸಿ, ಅದನ್ನೇ ಮೇಜಿನ ಮೇಲಿಟ್ಟುಕೊಂಡು ಎಲ್ಲ ಬೋರ್ಡುಗಳನ್ನೂ ಹೊಸದಾಗಿ ಹೊಡೆದೆವು. ವಾಪಸ್ ಬಂದ ಜಡೆಗಳನ್ನು ಬಿಚ್ಚಿ ಮತ್ತೆ ಹೆಣೆದೆವು. ಹಳಬರು ಹೊಸಬರು ಎನ್ನದೆ ಎಲ್ಲರೂ ಕೂತರು, ನಾನೂ ಕೂತೆ, ನನ್ನನ್ನು ಇಂಟರ್‌ವ್ಯೂಗೆ ಕೂರಿಸಿದ ಹುಡುಗಿ ನನಗೇ ಟೇಪು ಸುತ್ತಲು ಹೇಳಿಕೊಟ್ಟಳು. ಸಿದ್ದಾರ್ಥ್ ಮತ್ತೆ ಬಂದಾಗ ಆರ್ಡರ್ ಕಿತ್ತುಕೊಳ್ಳುತ್ತಾರೆಂದೇ ಅಂದುಕೊಂಡಿದ್ದೆ. ಆ ಮನುಷ್ಯ ನಿನ್ನ ಬೋರ್ಡನ್ನು ಸುತ್ತಿ ಸುತ್ತಿ ನೋಡಿದರು. ನೋಡಿ, "ಯುಗಾದಿ ಆದ್ಮೇಲೆ ನಮ್ದು ಹೊಸ ಮಾಡೆಲ್ ಬರ್ತಿದೆ. ಪೂರ್ತಿ ನಿಮಗೇ ಕೊಡ್ತೀವಿ, ಆದ್ರೆ ಬೋರ್ಡ್ ಇದನ್ನ ಮಾಡಿದವ್ರೇ ಮಾಡ್ಬೇಕು" ಎಂದರು. ಶಿವಾನಿ, ಪೂರ್ತಿ ನಮಗೇ! ಈಗಿನ ಎರಡರಷ್ಟು ಕೆಲಸ! ಅವರ ಕಾರು ತಿರುವು ದಾಟುವವರೆಗೆ ತಡೆದುಕೊಂಡಿದ್ದು, ಆಮೇಲೆ ನಾನು ನಮ್ಮಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟೆ.

ನಿನಗೆ ಹೇಳಲೆಂದು ಅದೇ ಉಸಿರಿನಲ್ಲಿ ರಾಣೆಬೆನ್ನೂರಿಗೆ ಫೋನು ಮಾಡಿದೆ. ನಿಮ್ಮಮ್ಮ ಹೇಳಿದರು, "ಆಕಿ ಇನ್ನ ಫ್ಯಾಕ್ಟ್ರಿಗೆ ಬರಾಂಗಿಲ್ಲವ್ವಾ. ಕೂಸು ನೋಡ್ಕೊಂಡು ಇರ್ತಾಳ."

ಅದು ನಿನ್ನ ಮಾತೋ ಅವರ ಮಾತೋ ನನಗೆ ಗೊತ್ತಿಲ್ಲ. ನನಗೆ ಜಗಳ ಆಡಲು ಬರುತ್ತದೆ, ಆರ್ಡರ್ ತರಲು ಬರುತ್ತದೆ, ಗೋಡೆ ಒಡೆಸಲು ಬರುತ್ತದೆ. ಸ್ಕೇಲ್ ಇಟ್ಟರೂ ಗೆರೆ ನೆಟ್ಟಗೆ ಬರುವುದಿಲ್ಲ. ಆದರೆ ವಿಷಯ ಗೆರೆಯದಷ್ಟೇ ಅಲ್ಲ ಕಣೇ. ಅರವತ್ತು ಜನ ಸಾಲಾಗಿ ಕೂತು ಕೆಲಸ ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡುವಾಗ ಪಕ್ಕಕ್ಕೆ ತಿವಿದು "ನೋಡೇ" ಎನ್ನಲು ನೀನಿಲ್ಲ. ಆಗ ಇದೆಲ್ಲ ಯಾಕೆ ಎನ್ನಿಸಿಬಿಡುತ್ತದೆ. ಹೊಸ ಮಾಡೆಲ್ಲಿಗೆ ನಾನಿನ್ನೂ ಹೂಂ ಎಂದಿಲ್ಲ. ನೀನು ಬರುವುದಿಲ್ಲವೆಂದರೆ ಬೇಡ ಎಂದು ಹೇಳಿಬಿಡುತ್ತೇನೆ, ನಿನ್ನಾಣೆ.

ಶರಣಮ್ಮನವರೇ, ಈ ಕಾಗದ ನಿಮ್ಮ ಕೈಗೇ ಸಿಕ್ಕಿದ್ದರೆ ಮೊದಲು ನಮಸ್ಕಾರ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಯಾವುದಕ್ಕೂ ನಾನು ಅಡ್ಡ ಬರುವುದಿಲ್ಲ. ಬಾಣಂತನ ಪೂರ್ತಿ ಮುಗಿಯಲಿ. ಓದಿದ ಮೇಲೆ ದಯವಿಟ್ಟು ಅವಳಿಗೂ ಕೊಡಿ.

ಶಿವಾನಿ, ನೀನು ಮೊದಲಿನ ಹಾಗೆ ಬೆಳಗಿನಿಂದ ಸಂಜೆಯವರೆಗೆ ದುಡಿಯಬೇಕಿಲ್ಲ. ಯುಗಾದಿ ಮುಗಿಸಿ ಬಾ. ಅರ್ಧ ದಿನ ಇರು, ಗೆರೆ ಎಳೆ, ಎಳೆಯುವುದನ್ನು ಇನ್ನಿಬ್ಬರಿಗೆ ಕಲಿಸು. ಎಲ್ಲವನ್ನೂ ನೀನೊಬ್ಬಳೇ ಅಳೆಯುವಂತೆ ಮಾಡಿ ನಿನ್ನನ್ನೂ ನಾವು ಕೊಂಡಿಗೆ ತೂಗುಹಾಕುವುದಿಲ್ಲ. ಭಾನುವಾರ ಕೂಸಿನ ಹೆಸರಿಡುವ ಶಾಸ್ತ್ರಕ್ಕೆ ನಾನೂ ಅಮ್ಮನೂ ಬರುತ್ತೇವೆ. ಉತ್ತರವನ್ನು ನಿನ್ನ ಬಾಯಿಂದಲೇ ಕೇಳುತ್ತೇನೆ.

ಒಂದು ಮಾತು ಉಳಿಯಿತು. ಬೋರ್ಡು ಇಳಿದ ಮೇಲೆ ತೊಲೆಯ ಕೊಂಡಿ ಖಾಲಿಯಾಗಿತ್ತು. ನಮ್ಮಮ್ಮ ಅಟ್ಟದಿಂದ ನನ್ನನ್ನು ತೂಗಿದ ತೊಟ್ಟಿಲನ್ನು ಇಳಿಸಿ, ತೊಳೆದು, ಅದೇ ಸರಪಳಿಗೆ ಕಟ್ಟಿಸಿದ್ದಾಳೆ. ಖಾಲಿ ತೊಟ್ಟಿಲು ತೂಗಬಾರದಂತೆ, ಅದಕ್ಕೆ ಒರಳಿನ ಗುಂಡುಕಲ್ಲಿಗೆ ಕುಲಾವಿ ಹಾಕಿ ಮಲಗಿಸಿದ್ದಾಳೆ. ಟೀಗೆ ಬಂದವರೆಲ್ಲ ಒಂದೊಂದು ಸಲ ತೂಗಿ ಹೋಗುತ್ತಾರೆ. ಕೊಂಡಿ ಅಲುಗುವುದಿಲ್ಲ, ಗಟ್ಟಿಯಾಗಿದೆ. ಆದರೆ ಕಲ್ಲನ್ನು ಎಷ್ಟು ದಿನವೆಂದು ತೂಗುವುದು?

ಇಳಿ ತಾಯಿ, ಕೆಲ್ಸ ಐತೆ.

ಕೂಸಿನ ನೆತ್ತಿ ತಂಪಾಗಿರಲಿ, ನಿನ್ನ ಸೊಂಟ ಗಟ್ಟಿಯಾಗಲಿ.

ದಾರಿ ಕಾಯುತ್ತಿರುವ,
ಧನಲಕ್ಷ್ಮಿ